ಅಳೆಯಲು ಬಿಡಬೇಕೇ, ಬೀಗ ಹಾಕಬೇಕೇ: ಕರ್ನಲ್‌ನೊಳಗಿನ ಕೌಂಟರ್‌ಗಳ ತಕರಾರು

ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆಯಾದ ಉಬುಂಟುವಿನ 24.04 ಆವೃತ್ತಿ ಬಿಡುಗಡೆಯಾದಾಗ ಅದರ ತಯಾರಕರು ಒಂದು ಬದಲಾವಣೆಯನ್ನು ಹೆಮ್ಮೆಯಿಂದ ಹೇಳಿಕೊಂಡರು. ಪ್ರೋಗ್ರಾಂಗಳು ಎಲ್ಲಿ ಸಮಯ ಕಳೆಯುತ್ತಿವೆ ಎಂಬುದನ್ನು ಸುಲಭವಾಗಿ ಪತ್ತೆ ಹಚ್ಚಲು ಅನುಕೂಲವಾಗಲೆಂದು ಪ್ಯಾಕೇಜುಗಳನ್ನು ಫ್ರೇಮ್ ಪಾಯಿಂಟರ್ (ಯಾವ ಕಾರ್ಯವನ್ನು ಯಾವುದು ಕರೆಯಿತು ಎಂದು ಹಿಂಬಾಲಿಸಲು ನೆರವಾಗುವ ಗುರುತು) ಉಳಿಸಿಕೊಂಡು ಕಂಪೈಲ್ ಮಾಡಲಾಗಿತ್ತು. ಇದಕ್ಕಾಗಿ ತುಸು ವೇಗ ಬಿಟ್ಟುಕೊಡಲೂ ಅವರು ಸಿದ್ಧರಿದ್ದರು. ಆದರೆ ಅದೇ ಉಬುಂಟುವಿನಲ್ಲಿ ಸಾಮಾನ್ಯ ಬಳಕೆದಾರರೊಬ್ಬರು ‘ಪರ್ಫ್’ ಎಂಬ ಅಳತೆಯ ಉಪಕರಣವನ್ನು ತಮ್ಮದೇ ಪ್ರೋಗ್ರಾಂ ಮೇಲೆ ಓಡಿಸಲು ಹೋದರೆ ಅನುಮತಿ ಇಲ್ಲ ಎಂಬ ಉತ್ತರ ಬರುತ್ತದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ.

ಗೊಂದಲ ಇಷ್ಟಕ್ಕೇ ನಿಲ್ಲುವುದಿಲ್ಲ. ಲಿನಕ್ಸ್ 6.6ಕ್ಕೆ ಬದಲಾದ, ರಿಸ್ಕ್-ಫೈವ್ ಎಂಬ ಪ್ರೊಸೆಸರ್ ವಿನ್ಯಾಸದ ಯಂತ್ರಗಳಲ್ಲಿ, ಅದುವರೆಗೆ ಸರಿಯಾಗಿ ನಡೆಯುತ್ತಿದ್ದ ಕೆಲವು ಪ್ರೋಗ್ರಾಂಗಳು ‘ಅಕ್ರಮ ಆದೇಶ’ ಎಂಬ ದೋಷ ತೋರಿಸಿ ನಿಂತುಹೋದವು. ಬಾಡಿಗೆಗೆ ಪಡೆದ ಅನೇಕ ವರ್ಚುವಲ್ ಮಷೀನ್‌ಗಳಲ್ಲಿ ಹಾರ್ಡ್‌ವೇರ್ ಎಣಿಕೆಗಳು ಬೇಕೆಂದರೆ ‘ಬೆಂಬಲವಿಲ್ಲ’ ಎಂಬ ಉತ್ತರ ಸಿಗುತ್ತದೆ. ಇವೆಲ್ಲ ದೋಷಗಳೋ, ತಿಳಿದೇ ಮಾಡಿದ ನಿರ್ಧಾರಗಳೋ? ಹೆಚ್ಚಿನವು ತಿಳಿದೇ ಮಾಡಿದವು. ಕಾರ್ಯಕ್ಷಮತೆಯ ಅಳತೆಗೆ ಕರ್ನಲ್‌ನಲ್ಲಿ, ಅಂದರೆ ಕಾರ್ಯಾಚರಣಾ ವ್ಯವಸ್ಥೆಯ ತಿರುಳಿನಲ್ಲಿ, ಬೆಂಬಲ ಸೇರಿಸುವುದು ಎಂದರೆ ಮೇಲ್ನೋಟಕ್ಕೆ ಒಂದು ಡ್ರೈವರ್ ಬರೆಯುವ ಕೆಲಸದಂತೆ ಕಾಣುತ್ತದೆ. ವಾಸ್ತವದಲ್ಲಿ ಅದು ಪಾಲು ಹಂಚುವ ಕೆಲಸ, ಜೊತೆಗೆ ಕಾವಲಿನ ಕೆಲಸ. ಎಡವಟ್ಟುಗಳೆಲ್ಲ ಆಗಿರುವುದು ಈ ಎರಡರಲ್ಲೇ.

ಎಣಿಸುವವರು ಯಾರು

ಆಧುನಿಕ ಪ್ರೊಸೆಸರ್‌ನ ಪ್ರತಿ ಕೋರ್‌ನಲ್ಲೂ ಎಣಿಕೆಗೆಂದೇ ಮೀಸಲಾದ ಕೆಲವು ರಿಜಿಸ್ಟರ್‌ಗಳಿರುತ್ತವೆ. ಎಷ್ಟು ಆದೇಶಗಳು ಮುಗಿದವು, ಎಷ್ಟು ಗಡಿಯಾರ ಸುತ್ತುಗಳು ಕಳೆದವು, ಬೇಕಾದ ದತ್ತಾಂಶ ಕ್ಯಾಶ್‌ನಲ್ಲಿ (ಪ್ರೊಸೆಸರ್ ಪಕ್ಕದ ಪುಟ್ಟ, ವೇಗದ ಸ್ಮೃತಿಯಲ್ಲಿ) ಎಷ್ಟು ಬಾರಿ ಸಿಗಲಿಲ್ಲ, ಕವಲೊಡೆಯುವ ಕಡೆ ಪ್ರೊಸೆಸರ್‌ನ ಊಹೆ ಎಷ್ಟು ಬಾರಿ ತಪ್ಪಿತು ಎಂಬುದನ್ನೆಲ್ಲ ಇವು ಲೆಕ್ಕ ಇಡುತ್ತವೆ. 1993ರ ಪೆಂಟಿಯಂನಲ್ಲಿ ಇಂಥ ಕೌಂಟರ್‌ಗಳು ಎರಡಿದ್ದವು. ಇಂಟೆಲ್ ಮೊದಲಿಗೆ ಅವುಗಳ ವಿವರವನ್ನು ಸಾರ್ವಜನಿಕ ಕೈಪಿಡಿಯಲ್ಲಿ ಕೊಡಲಿಲ್ಲ. ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿದವರಿಗೆ ಮಾತ್ರ ಕೊಟ್ಟಿತು. ಮರುವರ್ಷವೇ ಹೊರಗಿನವರು ಅವನ್ನು ಬಿಡಿಸಿ ಪತ್ರಿಕೆಯಲ್ಲಿ ಪ್ರಕಟಿಸಿಬಿಟ್ಟರು. ಯಾರು ಅಳೆಯಬಹುದು ಎಂಬ ಜಗಳ ಕೌಂಟರ್‌ಗಳಷ್ಟೇ ಹಳೆಯದು.

ಗಡಿಯಾರ ನೋಡಿದರೆ ಸಾಲದೇ, ಇವೆಲ್ಲ ಏಕೆ ಎಂದು ಕೇಳಬಹುದು. ದೊಡ್ಡದೊಂದು ಕೋಷ್ಟಕದ ಸಂಖ್ಯೆಗಳನ್ನೆಲ್ಲ ಕೂಡುವ ಪ್ರೋಗ್ರಾಂ ಇದೆ ಎನ್ನೋಣ. ಸಾಲು ಸಾಲಾಗಿ ಕೂಡಿದರೂ ಕಂಬ ಕಂಬವಾಗಿ ಕೂಡಿದರೂ ಉತ್ತರ ಒಂದೇ, ಕಾರ್ಯಗತವಾಗುವ ಆದೇಶಗಳ ಸಂಖ್ಯೆಯೂ ಹೆಚ್ಚುಕಡಿಮೆ ಒಂದೇ. ಆದರೆ ಕೋಷ್ಟಕವು ಸ್ಮೃತಿಯಲ್ಲಿ ಸಾಲಿನ ಕ್ರಮದಲ್ಲಿ ಕುಳಿತಿದ್ದರೆ, ಕಂಬದ ಕ್ರಮದಲ್ಲಿ ಓದುವಾಗ ಪ್ರತಿ ಹೆಜ್ಜೆಗೂ ಕ್ಯಾಶ್ ತಪ್ಪುತ್ತದೆ. ಪ್ರೊಸೆಸರ್ ಹೆಚ್ಚಿನ ಹೊತ್ತು ಸ್ಮೃತಿಗಾಗಿ ಸುಮ್ಮನೆ ಕಾಯುತ್ತದೆ. ಗಡಿಯಾರ ‘ನಿಧಾನ’ ಎಂದಷ್ಟೇ ಹೇಳುತ್ತದೆ. ಕ್ಯಾಶ್ ತಪ್ಪಿದ ಎಣಿಕೆ ಮಾತ್ರ ನಿಧಾನದ ಕಾರಣ ಹೇಳುತ್ತದೆ. ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಎಷ್ಟು ದಿಟ್ಟಿಸಿದರೂ ಈ ಕಾರಣ ಥಟ್ಟನೆ ಕಣ್ಣಿಗೆ ಬೀಳುವುದಿಲ್ಲ.

ಕರ್ನಲ್ ನಡುವೆ ಬರುವುದೇಕೆ

ಕೌಂಟರ್ ಇರುವುದು ಕೋರ್‌ಗೆ ಸೇರಿದ ಹಾಗೆ. ಪ್ರೋಗ್ರಾಂಗಳೋ ಕೋರ್‌ನಿಂದ ಕೋರ್‌ಗೆ ಹಾರುತ್ತವೆ, ಸೆಕೆಂಡಿಗೆ ಹಲವಾರು ಸಲ ಒಂದು ಇಳಿದು ಇನ್ನೊಂದು ಏರುತ್ತದೆ. ಹಲವು ಬಾಡಿಗೆದಾರರಿರುವ ಮನೆಗೆ ಒಂದೇ ನೀರಿನ ಮೀಟರ್ ಇದ್ದರೆ ಯಾರ ಬಳಕೆ ಎಷ್ಟು ಎಂದು ತಿಳಿಯದು. ಪ್ರತಿಯೊಬ್ಬರೂ ನಲ್ಲಿ ತಿರುಗಿಸುವ ಮೊದಲು ಮತ್ತು ನಿಲ್ಲಿಸಿದ ಮೇಲೆ ಯಾರಾದರೂ ಮೀಟರ್ ಓದಿ ಬರೆದಿಡಬೇಕು. ಕರ್ನಲ್ ಮಾಡುವುದು ಅದನ್ನೇ. ಥ್ರೆಡ್ (ಪ್ರೋಗ್ರಾಂನೊಳಗಿನ ಕೆಲಸದ ಒಂದು ಎಳೆ) ಬದಲಾಗುವ ಪ್ರತಿ ಸಲವೂ ಹಳೆಯದರ ಎಣಿಕೆಯನ್ನು ತೆಗೆದಿಟ್ಟು ಹೊಸದರ ಎಣಿಕೆಯನ್ನು ಮುಂದುವರಿಸುತ್ತದೆ. ಥ್ರೆಡ್ ಬದಲಾಯಿಸುವ ದಾರಿ ಕರ್ನಲ್‌ನ ಅತ್ಯಂತ ಬಿಸಿ ದಾರಿಗಳಲ್ಲೊಂದು. ಯಾರೂ ಅಳೆಯದಿರುವಾಗಲೂ ಅಲ್ಲಿ ಹೆಚ್ಚುವರಿ ಕೆಲಸ ಬಿದ್ದರೆ ಎಲ್ಲರೂ ತೆರಬೇಕಾಗುತ್ತದೆ. ಹಾಗಾಗಿ ಇಂಥ ಪ್ಯಾಚ್ (ಕರ್ನಲ್‌ಗೆ ಸೇರಿಸಲೆಂದು ಕಳಿಸಿದ ಬದಲಾವಣೆ) ಬಂದಾಗ ಪರಿಶೀಲಕರು ಕೇಳುವ ಮೊದಲ ಪ್ರಶ್ನೆ, ಬಳಸದವರಿಗೆ ಇದರ ಖರ್ಚೆಷ್ಟು ಎಂಬುದು.

ಎರಡನೆಯ ತೊಡಕು ಕೊರತೆಯದು. ಎಣಿಸಬಹುದಾದ ಘಟನೆಗಳು ನೂರಾರು, ಕೌಂಟರ್‌ಗಳು ಬೆರಳೆಣಿಕೆಯಷ್ಟು. ಬಹುಕಾಲ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಹೈಪರ್‌ಥ್ರೆಡಿಂಗ್ (ಒಂದೇ ಕೋರ್ ಎರಡು ಥ್ರೆಡ್‌ಗಳನ್ನು ಒಟ್ಟಿಗೆ ನಡೆಸುವುದು) ಚಾಲೂ ಇದ್ದಾಗ ಪ್ರತಿ ಥ್ರೆಡ್‌ಗೆ ಸಾಮಾನ್ಯ ಬಳಕೆಯ ಕೌಂಟರ್‌ಗಳು 4 ಮಾತ್ರ ಇದ್ದವು. ಐಸ್ ಲೇಕ್ ಪೀಳಿಗೆಯಲ್ಲಿ 8 ಆದವು. ಯಂತ್ರ ಸ್ತಬ್ಧವಾಗಿದೆಯೇ ಎಂದು ನೋಡುವ ಕರ್ನಲ್‌ನದೇ ಕಾವಲು ವ್ಯವಸ್ಥೆ ಕೂಡ ಒಂದನ್ನು ಹಿಡಿದುಕೊಂಡಿರಬಹುದು.

ನಾಲ್ಕೇ ಇರುವಾಗ ಎಂಟು ಘಟನೆಗಳನ್ನು ಕೇಳಿದರೆ ಕರ್ನಲ್ ಸರದಿ ಹಾಕುತ್ತದೆ: ಕೆಲವು ಮಿಲಿಸೆಕೆಂಡು ಈ ನಾಲ್ಕು, ಆಮೇಲೆ ಆ ನಾಲ್ಕು. ಪ್ರತಿ ಘಟನೆಗೂ ಎರಡು ಕಾಲಮಾನಗಳನ್ನು ಬರೆದಿಡುತ್ತದೆ, ಬೇಕೆಂದು ಕೇಳಿದ ಕಾಲ ಮತ್ತು ನಿಜವಾಗಿ ಎಣಿಸಿದ ಕಾಲ. 10 ಸೆಕೆಂಡು ಬೇಕೆಂದು, 5 ಸೆಕೆಂಡು ಎಣಿಕೆಯಾಗಿ, 300 ಕೋಟಿ ಬಂದಿದ್ದರೆ ಉಪಕರಣ 600 ಕೋಟಿ ಎಂದು ತೋರಿಸುತ್ತದೆ. ಪ್ರೋಗ್ರಾಂ ಹತ್ತು ಸೆಕೆಂಡೂ ಒಂದೇ ಬಗೆಯ ಕೆಲಸ ಮಾಡಿದ್ದರೆ ಇದು ನ್ಯಾಯವಾದ ಅಂದಾಜು. ನಡುನಡುವೆ ಕ್ಷಣಿಕವಾಗಿ ಅಬ್ಬರಿಸುವ ಪ್ರೋಗ್ರಾಂ ಆದರೆ ಅಂದಾಜು ಎಲ್ಲಿಗೋ ಹೋಗಬಹುದು. ಪರ್ಫ್ ಫಲಿತಾಂಶದ ಪಕ್ಕದಲ್ಲಿ ಆವರಣದೊಳಗೆ ಒಂದು ಶೇಕಡಾವಾರು ಕಾಣಿಸಿಕೊಳ್ಳುವುದು ಇದನ್ನು ಎಚ್ಚರಿಸಲಿಕ್ಕೇ. ಬಹುಪಾಲು ಜನ ಅದರ ಕಡೆ ಕಣ್ಣು ಹಾಯಿಸುವುದೂ ಇಲ್ಲ ಎಂಬುದು ಬೇರೆ ಮಾತು.

ಮೂರನೆಯದು ಸ್ಯಾಂಪ್ಲಿಂಗ್. ಎಷ್ಟು ಸಲ ಎಂದು ತಿಳಿದರೆ ಸಾಲದು, ಎಲ್ಲಿ ಎಂಬುದೂ ಬೇಕು. ಅದಕ್ಕೆ ಕೌಂಟರ್ ತುಂಬಿ ಹರಿಯಲು ಹತ್ತು ಲಕ್ಷ ಹೆಜ್ಜೆ ಉಳಿದಿರುವಂತೆ ಮೊದಲೇ ಒಂದು ಮೌಲ್ಯ ತುಂಬಿಡುತ್ತಾರೆ. ತುಂಬಿ ಹರಿದ ಕೂಡಲೇ ಇಂಟರಪ್ಟ್, ಅಂದರೆ ನಡೆಯುತ್ತಿರುವ ಕೆಲಸ ನಿಲ್ಲಿಸಿ ಕರ್ನಲ್ ಅನ್ನು ಎಚ್ಚರಿಸುವ ಸೂಚನೆ, ಬರುತ್ತದೆ. ಆ ಕ್ಷಣ ಯಾವ ಆದೇಶ ನಡೆಯುತ್ತಿತ್ತು ಎಂದು ಕರ್ನಲ್ ಬರೆದುಕೊಳ್ಳುತ್ತದೆ. ಎಕ್ಸ್86 (ಇಂಟೆಲ್, ಎಎಂಡಿ ಬಗೆಯ) ಯಂತ್ರಗಳಲ್ಲಿ ಇದು ತಡೆಯಲಾಗದ ಬಗೆಯ ಇಂಟರಪ್ಟ್ ಆಗಿ ಬರುತ್ತದೆ. ಕರ್ನಲ್ ತಾನೇ ಬೇರೆಲ್ಲ ಇಂಟರಪ್ಟ್‌ಗಳನ್ನು ಮುಚ್ಚಿಕೊಂಡು ಕೆಲಸ ಮಾಡುವ ಜಾಗಗಳನ್ನೂ ಅಳೆಯಬೇಕಲ್ಲ. ಇದರ ಬೆಲೆ ಎಂದರೆ, ಅದನ್ನು ನಿಭಾಯಿಸುವ ಸಂಕೇತ ಎಲ್ಲಿ ಬೇಕಾದರೂ ನುಗ್ಗಬಹುದು, ಲಾಕ್ (ಒಂದೇ ದತ್ತಾಂಶಕ್ಕೆ ಇಬ್ಬರು ಒಟ್ಟಿಗೆ ಕೈ ಹಾಕದಂತೆ ತಡೆಯುವ ವ್ಯವಸ್ಥೆ) ಹಿಡಿದಿರುವ ಜಾಗದ ನಡುವೆಯೂ. ಸಾಮಾನ್ಯ ಲಾಕ್‌ಗಳನ್ನು ಅಲ್ಲಿ ಬಳಸುವಂತಿಲ್ಲ. ಕರ್ನಲ್‌ನಲ್ಲಿ ಬರೆಯಲು ಇಷ್ಟು ಕಷ್ಟದ ಜಾಗಗಳು ಹೆಚ್ಚಿಲ್ಲ.

ಅಳತೆಯೇ ಯಂತ್ರವನ್ನು ಮುಳುಗಿಸಬಾರದೆಂದು ಲಿನಕ್ಸ್ ಒಂದು ಮಿತಿಯನ್ನೂ ಇಟ್ಟಿದೆ. ಸ್ಯಾಂಪ್ಲಿಂಗ್ ಇಂಟರಪ್ಟ್‌ಗಳು ಪ್ರೊಸೆಸರ್ ಸಮಯದ ಶೇಕಡಾ 25ಕ್ಕಿಂತ ಹೆಚ್ಚು ತಿನ್ನುವಂತೆ ಕಂಡರೆ ಕರ್ನಲ್ ತಾನಾಗಿಯೇ ಗರಿಷ್ಠ ದರವನ್ನು ಇಳಿಸುತ್ತದೆ. ಕರ್ನಲ್ ದಾಖಲೆಯಲ್ಲಿ ‘ಇಂಟರಪ್ಟ್ ಬಹಳ ಹೊತ್ತು ತೆಗೆದುಕೊಂಡಿತು, ದರ ಇಳಿಸುತ್ತಿದ್ದೇನೆ’ ಎಂಬರ್ಥದ ಸಾಲು ಕಂಡು ಹಾರ್ಡ್‌ವೇರ್ ಕೆಟ್ಟಿತೆಂದು ಗಾಬರಿಗೊಳ್ಳುವವರಿದ್ದಾರೆ. ಗಾಬರಿ ಬೇಡ.

ಮೂರು ಗುಂಪುಗಳು, ಒಂದು ಸಿಸ್ಟಂ ಕಾಲ್

ಲಿನಕ್ಸ್‌ನಲ್ಲಿ ಈ ವ್ಯವಸ್ಥೆ ಒಂದೇ ಏಟಿಗೆ ಬಂದದ್ದಲ್ಲ. ಪರ್ಫ್‌ಕೌಂಟರ್ ಎಂಬ ಪ್ಯಾಚ್ ಬಹುಕಾಲ ಕರ್ನಲ್‌ನ ಹೊರಗೇ ಬದುಕಿತು. 2002ರಲ್ಲಿ ಓಪ್ರೊಫೈಲ್ ಒಳಗೆ ಬಂತು; ಅದು ಇಡೀ ಯಂತ್ರವನ್ನು ಅಳೆಯುತ್ತಿತ್ತು, ನಡೆಸಲು ನಿರ್ವಾಹಕರ ಅಧಿಕಾರ ಬೇಕಿತ್ತು. ಸ್ಟೆಫಾನ್ ಎರಾನಿಯನ್ ಅವರ ಪರ್ಫ್‌ಮಾನ್2 ಹೆಚ್ಚು ಸಮಗ್ರವಾಗಿತ್ತು, ಅದರ ಹಿಂದೆ ವರ್ಷಗಳ ದುಡಿಮೆಯಿತ್ತು. ಆದರೆ ಅದು ಹತ್ತಾರು ಹೊಸ ಸಿಸ್ಟಂ ಕಾಲ್‌ಗಳನ್ನು (ಪ್ರೋಗ್ರಾಂ ಕರ್ನಲ್‌ನಿಂದ ಸೇವೆ ಕೇಳುವ ಕರೆಗಳನ್ನು) ಕೇಳುತ್ತಿತ್ತು, ರಿಜಿಸ್ಟರ್‌ಗಳ ವಿವರವನ್ನು ಬಳಕೆದಾರರ ಮಟ್ಟಕ್ಕೇ ತೆರೆದಿಡುತ್ತಿತ್ತು.

2008ರ ಡಿಸೆಂಬರ್‌ನಲ್ಲಿ ಥಾಮಸ್ ಗ್ಲೈಕ್ಸ್‌ನರ್ ಮತ್ತು ಇಂಗೊ ಮೊಲ್ನಾರ್ ಬೇರೆಯೇ ಪ್ರಸ್ತಾಪ ತಂದರು, ಇಂದಿನ ಪರ್ಫ್‌ನ ಬುನಾದಿ ಅದೇ. ಪೀಟರ್ ಜೈಲ್‌ಸ್ಟ್ರಾ ಸೇರಿಕೊಂಡರು. ಒಂದೇ ಸಿಸ್ಟಂ ಕಾಲ್, ಅದು ಹಿಂತಿರುಗಿಸುವುದು ಸಾಮಾನ್ಯ ಫೈಲ್‌ನಂತೆ ಓದಬಹುದಾದ ಒಂದು ಹಿಡಿಕೆ. ಯಾವ ಘಟನೆ ಯಾವ ಕೌಂಟರ್‌ಗೆ ಹೋಗಬೇಕೆಂಬುದು ಕರ್ನಲ್‌ನ ತಲೆನೋವು. ಪರ್ಫ್‌ಮಾನ್ ಪಾಳೆಯದ ಆಕ್ಷೇಪ ಹಗುರವಾದದ್ದೇನಲ್ಲ: ಪ್ರತಿ ಹೊಸ ಪ್ರೊಸೆಸರ್‌ನ ವಿಚಿತ್ರ ನಿರ್ಬಂಧಗಳನ್ನು ಕರ್ನಲ್‌ಗೆ ತುರುಕುವುದೇಕೆ, ಹೊರಗಿನ ಲೈಬ್ರರಿಯೇ ಅದನ್ನು ನೋಡಿಕೊಳ್ಳಲಿ. ಎದುರು ವಾದ: ಕೌಂಟರ್ ಹಂಚಿಕೊಂಡ ಸಂಪತ್ತು, ಹಂಚುವ ಅಧಿಕಾರ ಕರ್ನಲ್‌ನಲ್ಲಿ ಇಲ್ಲದಿದ್ದರೆ ಇಬ್ಬರು ಅಳೆಯುವವರು ಒಬ್ಬರ ಎಣಿಕೆಯನ್ನು ಇನ್ನೊಬ್ಬರು ಕೆಡಿಸುತ್ತಾರೆ.

2009ರ 2.6.31 ಆವೃತ್ತಿಯಲ್ಲಿ ಎರಡನೆಯ ಪಕ್ಷ ಗೆದ್ದಿತು. ತೀರ್ಮಾನ ಸರಿಯಾಗಿಯೇ ಇತ್ತು ಎನ್ನಬೇಕು. ಮೊದಲ ಪಕ್ಷ ಹೇಳಿದ ಅಪಾಯವೂ ಸುಳ್ಳಾಗಲಿಲ್ಲ: ಪ್ರತಿ ಹೊಸ ಪ್ರೊಸೆಸರ್ ಬಂದಾಗಲೂ ಕರ್ನಲ್‌ಗೆ ಪ್ಯಾಚ್ ಬೇಕಾಗುತ್ತಿದೆ. ಇನ್ನೊಂದು ಪರಿಣಾಮವೂ ಆಯಿತು. ಇಷ್ಟೆಲ್ಲ ಸಂಕೀರ್ಣತೆ ಒಂದೇ ಸಿಸ್ಟಂ ಕಾಲ್‌ನ ಹಿಂದೆ ಕುಳಿತದ್ದರಿಂದ, ಆ ಕರೆಗೆ ಕೊಡುವ ವಿವರಪಟ್ಟಿ ಉದ್ದವಾಗುತ್ತ ಹೋಯಿತು. ಮತ್ತು ಅದನ್ನು ಯಾರು ಬೇಕಾದರೂ ಕರೆಯಬಹುದಿತ್ತು.

ಒಂದು ಸಾಲಿನ ಎಡವಟ್ಟು

2013ರಲ್ಲಿ ಬೆಲೆ ತೆರಬೇಕಾಯಿತು. ಸಾಫ್ಟ್‌ವೇರ್ ಘಟನೆಗಳನ್ನು ಆರಂಭಿಸುವ ಕಾರ್ಯದಲ್ಲಿ, ಬಳಕೆದಾರ ಕೊಟ್ಟ 64 ಬಿಟ್‌ಗಳ ಘಟನಾ ಸಂಖ್ಯೆಯನ್ನು ಒಂದು ಸಾಧಾರಣ 32 ಬಿಟ್‌ಗಳ ಪೂರ್ಣಾಂಕದಲ್ಲಿ ಹಾಕಿಕೊಳ್ಳಲಾಗಿತ್ತು. ಆ ಪೂರ್ಣಾಂಕ ಋಣಾತ್ಮಕವೂ ಆಗಬಲ್ಲದು. ಸಂಖ್ಯೆ ಗರಿಷ್ಠಕ್ಕಿಂತ ದೊಡ್ಡದೇ ಎಂಬ ತಪಾಸಣೆ ಇತ್ತು. ಸೊನ್ನೆಗಿಂತ ಚಿಕ್ಕದೇ ಎಂಬ ತಪಾಸಣೆ ಇರಲಿಲ್ಲ. ಹಾಗಾಗಿ ಋಣಾತ್ಮಕ ಸಂಖ್ಯೆ ಸಲೀಸಾಗಿ ದಾಟಿ, ಪಟ್ಟಿಯ ಹೊರಗಿನ ಸ್ಮೃತಿ ಸ್ಥಾನವೊಂದನ್ನು ಒಂದರಷ್ಟು ಹೆಚ್ಚಿಸುತ್ತಿತ್ತು. ಬೇಕಾದ ಜಾಗದಲ್ಲಿ ಒಂದನ್ನು ಕೂಡುವ ಅವಕಾಶ ಸಿಕ್ಕರೆ ಸಾಕು, ಚಾಣಾಕ್ಷ ದಾಳಿಕೋರ ಇಡೀ ಯಂತ್ರದ ಒಡೆಯನಾಗಬಲ್ಲ. ಆದದ್ದೂ ಹಾಗೆಯೇ.

ಯಾದೃಚ್ಛಿಕವಾಗಿ ಸಿಸ್ಟಂ ಕಾಲ್‌ಗಳನ್ನು ಕರೆದು ನೋಡುವ ಟ್ರಿನಿಟಿ ಎಂಬ ಉಪಕರಣ ಈ ದೋಷವನ್ನು ಹೊರಗೆಡವಿತು. ಏಪ್ರಿಲ್‌ನಲ್ಲಿ ತಿದ್ದುಪಡಿ ಬಂತು, ಅದೂ ಚರದ ಬಗೆಯನ್ನು ಬದಲಿಸುವ ಒಂದೇ ಸಾಲು. ಅದರ ಭದ್ರತಾ ಮಹತ್ವ ಆಗ ಎಲ್ಲರಿಗೂ ಹೊಳೆಯಲಿಲ್ಲ. ಮೇನಲ್ಲಿ ದಾಳಿ ನಡೆಸುವ ಪ್ರೋಗ್ರಾಂ ಬಹಿರಂಗವಾದಾಗ ಸರ್ವರ್ ನಿರ್ವಾಹಕರು ಎದ್ದುಬಿದ್ದು ಪ್ಯಾಚ್ ಹಾಕಿದರು. ಅಳತೆಯ ಸೌಲಭ್ಯವನ್ನು ಎಂದೂ ಬಳಸದವರ ಯಂತ್ರಗಳೂ ದಾಳಿಗೆ ತೆರೆದಿದ್ದವು ಎಂಬುದೇ ಹೆಚ್ಚು ಚುಚ್ಚಿದ ಸಂಗತಿ.

ಎಣಿಕೆಯಿಂದಲೇ ಗುಟ್ಟು ಸೋರುವುದು

ದೋಷವನ್ನು ತಿದ್ದಬಹುದು. ತಿದ್ದಲಾಗದ ಇನ್ನೊಂದು ಸಮಸ್ಯೆಯಿದೆ: ಕೌಂಟರ್ ಸರಿಯಾಗಿ ಕೆಲಸ ಮಾಡುವುದೇ ಅಪಾಯ. ಗುಪ್ತ ಕೀಲಿಯ ಬಿಟ್ ಒಂದಾಗಿದ್ದರೆ ಒಂದು ದಾರಿ, ಸೊನ್ನೆಯಾಗಿದ್ದರೆ ಇನ್ನೊಂದು ದಾರಿ ಹಿಡಿಯುವ ಪ್ರೋಗ್ರಾಂ ಪಕ್ಕದಲ್ಲಿ ನಡೆಯುತ್ತಿದ್ದರೆ, ಕ್ಯಾಶ್ ಮತ್ತು ಕವಲುಗಳ ನಿಖರ ಎಣಿಕೆ ಆ ಕೀಲಿಯ ಸುಳಿವು ಕೊಡುತ್ತದೆ. 2018ರ ಜನವರಿಯಲ್ಲಿ ಪ್ರೊಸೆಸರ್‌ಗಳಲ್ಲಿನ ಸ್ಪೆಕ್ಟರ್ ಮತ್ತು ಮೆಲ್ಟ್‌ಡೌನ್ ದೋಷಗಳು ಬಯಲಾದ ಮೇಲೆ ಈ ಬಗೆಯ ಸೋರಿಕೆಯನ್ನು ಯಾರೂ ಕೇವಲ ಪ್ರಯೋಗಾಲಯದ ಆಟ ಎನ್ನಲಿಲ್ಲ. 2020ರ ನವೆಂಬರ್‌ನಲ್ಲಿ ಪ್ಲಾಟಿಪಸ್ ದಾಳಿ ವಿದ್ಯುತ್ ಬಳಕೆಯ ಎಣಿಕೆಯಿಂದಲೇ ಗುಪ್ತ ಕೀಲಿಗಳನ್ನು ಹೊರತೆಗೆಯಬಹುದೆಂದು ತೋರಿಸಿತು. ಅಲ್ಲಿಯವರೆಗೆ ಲಿನಕ್ಸ್‌ನಲ್ಲಿ ಆ ಎಣಿಕೆಯನ್ನು ಸಾಮಾನ್ಯ ಬಳಕೆದಾರರೂ ಓದಬಹುದಿತ್ತು. ಅಂದಿನಿಂದ ನಿರ್ವಾಹಕರಿಗೆ ಮಾತ್ರ.

ಪರ್ಫ್‌ಗೆ ಬೀಗ ಹಾಕುವುದು ಒಂದು ಸಂಖ್ಯೆಯ ಮೂಲಕ. ಮೂಲ ಕರ್ನಲ್‌ನಲ್ಲಿ ಅದರ ಮೌಲ್ಯ -1 ಆದರೆ ಬಹುತೇಕ ಎಲ್ಲವೂ ಮುಕ್ತ. 1 ಆದರೆ ಸಾಮಾನ್ಯ ಬಳಕೆದಾರ ಇಡೀ ಕೋರ್ ಅನ್ನು ಅಳೆಯುವಂತಿಲ್ಲ. 2 ಆದರೆ ಕರ್ನಲ್‌ನ ಒಳಗನ್ನೂ ಅಳೆಯುವಂತಿಲ್ಲ, ತನ್ನ ಪ್ರೋಗ್ರಾಂ ಮಾತ್ರ. 2016ರ 4.6 ಆವೃತ್ತಿಯಿಂದ 2 ಪೂರ್ವನಿಗದಿಯಾಗಿದೆ. ಇಷ್ಟು ಸಾಲದೆಂದು ಡೆಬಿಯನ್ (ಉಬುಂಟುವಿನಂತೆ ಇನ್ನೊಂದು ಲಿನಕ್ಸ್ ವಿತರಣೆ) ಮತ್ತು ಆಂಡ್ರಾಯ್ಡ್ ತಮ್ಮದೇ ಪ್ಯಾಚ್‌ನಿಂದ 3 ಎಂಬ ಹಂತ ಸೇರಿಸಿಕೊಂಡವು: ಅನುಮತಿ ಇಲ್ಲದವರಿಗೆ ಏನೂ ಇಲ್ಲ. ಅದನ್ನು ಮೂಲ ಕರ್ನಲ್‌ಗೆ ಸೇರಿಸುವ ಯತ್ನ 2016ರಲ್ಲಿ ನಡೆಯಿತು, ಫಲಿಸಲಿಲ್ಲ. ಉಬುಂಟು 4ಕ್ಕೆ ಹೋಗಿದೆ. ಲೇಖನದ ಆರಂಭದ ವಿರೋಧಾಭಾಸಕ್ಕೆ ಉತ್ತರ ಇದೇ: ಫ್ರೇಮ್ ಪಾಯಿಂಟರ್ ಕೊಟ್ಟದ್ದು ಅಧಿಕಾರ ಉಳ್ಳವರಿಗೆ ಒಳ್ಳೆಯ ಚಿತ್ರ ಸಿಗಲೆಂದು; ಬೀಗ ಹಾಕಿರುವುದು ಅಧಿಕಾರವಿಲ್ಲದವರಿಗೆ.

ಬಿಗಿ ಮಾಡಿದರೆ ಆಗುವ ನಷ್ಟ

ಬೀಗದ ಪರ ವಾದ ಗಟ್ಟಿಯಾಗಿದೆ. ಹೆಚ್ಚಿನ ಫೋನು, ಸರ್ವರ್‌ಗಳಲ್ಲಿ ಯಾರೂ ಪರ್ಫ್ ನಡೆಸುವುದಿಲ್ಲ. ಬಳಸದ ಬಾಗಿಲನ್ನು ತೆರೆದಿಡುವುದೇಕೆ? ಪ್ರೋಗ್ರಾಂಗಳನ್ನು ಪ್ರತ್ಯೇಕ ಕಂಟೇನರ್‌ಗಳಲ್ಲಿಟ್ಟು ನಡೆಸುವ ಡಾಕರ್ ಕೂಡ ಅವುಗಳಲ್ಲಿ ಈ ಸಿಸ್ಟಂ ಕಾಲ್ ಅನ್ನು ಪೂರ್ವನಿಗದಿಯಾಗಿ ತಡೆಯುತ್ತದೆ.

ಎದುರು ಪಕ್ಷದ ಬಳಿ 2024ರ ಮಾರ್ಚ್‌ನ ಉದಾಹರಣೆಯಿದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಅಭಿವೃದ್ಧಿಕಾರ ಆಂಡ್ರೆಸ್ ಫ್ರಾಯಿಂಡ್ ಬೇರೇನೋ ಅಳತೆಯ ಸಿದ್ಧತೆಯಲ್ಲಿದ್ದಾಗ, ಡೆಬಿಯನ್‌ನ ‘ಅನ್‌ಸ್ಟೇಬಲ್’ ಆವೃತ್ತಿಯಲ್ಲಿ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಪ್ರವೇಶಿಸುವ ವಿಧಾನ) ಲಾಗಿನ್ ಅನಗತ್ಯವಾಗಿ ಪ್ರೊಸೆಸರ್ ತಿನ್ನುತ್ತಿದೆ, ಸುಮಾರು ಅರ್ಧ ಸೆಕೆಂಡು ಹೆಚ್ಚು ತೆಗೆದುಕೊಳ್ಳುತ್ತಿದೆ ಎಂದು ಗಮನಿಸಿದರು. ಪರ್ಫ್ ಹಚ್ಚಿ ನೋಡಿದರೆ ಆ ಸಮಯ ಕಳೆಯುತ್ತಿದ್ದದ್ದು ಎಕ್ಸ್‌ಝಡ್ ಸಂಕೋಚನದ ಲೈಬ್ರರಿಯೊಳಗೆ, ಅದೂ ಯಾವ ಕಾರ್ಯದ ಹೆಸರಿಗೂ ಹೊಂದದ ಜಾಗದಲ್ಲಿ. ಅಲ್ಲಿ ಬಚ್ಚಿಟ್ಟುಕೊಂಡಿತ್ತು ಹಿಂಬಾಗಿಲು, ಗುಟ್ಟಾಗಿ ಒಳನುಗ್ಗಲು ಇಟ್ಟ ದಾರಿ. ಮೂಲ ಸಂಕೇತದ ಪರಿಶೀಲನೆಯಾಗಲಿ, ಪ್ಯಾಕೇಜ್ ಸಹಿಗಳಾಗಲಿ ಹಿಡಿಯದ್ದನ್ನು ಸಮಯದ ಲೆಕ್ಕ ಹಿಡಿಯಿತು. ಅಳತೆಯೂ ಭದ್ರತೆಯ ಭಾಗವೇ ಎಂಬ ವಾದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಸಿಗುವುದು ಕಷ್ಟ.

ಬೀಗ ಬಿಗಿಯಾದಷ್ಟೂ ಜನ ಅಡ್ಡದಾರಿ ಹಿಡಿಯುತ್ತಾರೆ ಎಂಬುದು ಇನ್ನೊಂದು ಪರಿಣಾಮ. ಅಳೆಯಲು ಅನುಮತಿ ಸಿಗದ ಅಭಿವೃದ್ಧಿಕಾರ ಏನು ಮಾಡುತ್ತಾನೆ? ಇಡೀ ಪ್ರೋಗ್ರಾಂ ಅನ್ನೇ ನಿರ್ವಾಹಕನ ಅಧಿಕಾರದಲ್ಲಿ ಓಡಿಸುತ್ತಾನೆ, ಇಲ್ಲವೇ ಆ ಸಂಖ್ಯೆಯನ್ನು -1 ಮಾಡಿ ಮರೆತುಬಿಡುತ್ತಾನೆ. ಎರಡೂ ಮೊದಲಿದ್ದ ಸ್ಥಿತಿಗಿಂತ ಕೆಟ್ಟವು. 2020ರ 5.8 ಆವೃತ್ತಿಯಲ್ಲಿ ಬಂದ ‘ಪರ್ಫ್‌ಮಾನ್’ ಅಧಿಕಾರ (ಹಳೆಯ ಪರ್ಫ್‌ಮಾನ್2 ಅಲ್ಲ) ಇದಕ್ಕೆ ನೇರ ಪರಿಹಾರ: ನಿರ್ವಾಹಕನ ಬೇರಾವ ಶಕ್ತಿಯನ್ನೂ ಕೊಡದೆ ಅಳೆಯುವ ಹಕ್ಕನ್ನಷ್ಟೇ ಒಂದು ಉಪಕರಣಕ್ಕೆ ಕೊಡಬಹುದು. ಯಾರಿಗೆ ಎಂಬ ಪ್ರಶ್ನೆಗೆ ಇದೊಂದೇ ಸಮಂಜಸ ಉತ್ತರ. ಸಂಖ್ಯೆಯನ್ನು ಏರಿಸುತ್ತ ಹೋಗುವುದು ಯಾರಿಗೂ ಬೇಡ ಎನ್ನುವ ಸೋಮಾರಿ ಉತ್ತರ.

ಹೊಸ ಪ್ರೊಸೆಸರ್, ಹಳೆಯ ಪಾಠ

ರಿಸ್ಕ್-ಫೈವ್‌ನಲ್ಲಿ ಇದೇ ಕಥೆ ವೇಗವಾಗಿ ಮರುಕಳಿಸಿತು. ಅಲ್ಲಿ ಗಡಿಯಾರ ಸುತ್ತುಗಳನ್ನು ಓದುವ ಆದೇಶವನ್ನು ಯಾವುದೇ ಪ್ರೋಗ್ರಾಂ ನೇರವಾಗಿ ಬಳಸಬಹುದಿತ್ತು. ಬೆಂಚ್‌ಮಾರ್ಕ್‌ಗಳು, ಲೈಬ್ರರಿಗಳು ಅದನ್ನೇ ನೆಚ್ಚಿಕೊಂಡಿದ್ದವು. 6.6ರಲ್ಲಿ ಪೂರ್ವನಿಗದಿ ಬದಲಾಯಿತು: ಮೊದಲು ಪರ್ಫ್ ಮೂಲಕ ಘಟನೆಯನ್ನು ತೆರೆದು ತಮ್ಮ ಸ್ಮೃತಿಗೆ ಜೋಡಿಸಿಕೊಂಡವರಿಗೆ ಮಾತ್ರ ನೇರ ಓದು. ಉಳಿದವರಿಗೆ ಅಕ್ರಮ ಆದೇಶ. ಹಳೆಯ ನಡವಳಿಕೆ ಬೇಕಾದವರು ನಿರ್ವಾಹಕರ ಮೂಲಕ ಒಂದು ಸೆಟ್ಟಿಂಗ್ ಬದಲಿಸಿಕೊಳ್ಳಬೇಕು. ಬಳಕೆದಾರರ ಪ್ರೋಗ್ರಾಂಗಳನ್ನು ಮುರಿಯಬಾರದು ಎಂಬುದು ಲಿನಕ್ಸ್‌ನ ಹಳೆಯ ನಿಯಮ. ಇಲ್ಲಿ ಭದ್ರತೆಗಾಗಿ ಅದನ್ನು ಬದಿಗಿಡಲಾಯಿತು. 64 ಬಿಟ್‌ಗಳ ಆರ್ಮ್ ಈ ಪೇಚಿಗೆ ಸಿಲುಕಲಿಲ್ಲ. ಅಲ್ಲಿ ನೇರ ಓದು 2022ರ 5.17ರಲ್ಲಿ ಬಂದಾಗಲೇ ಪೂರ್ವನಿಗದಿಯಾಗಿ ಮುಚ್ಚಿತ್ತು. ಮೊದಲು ಮುಚ್ಚಿಟ್ಟು ಆಮೇಲೆ ತೆರೆದರೆ ಯಾರೂ ದೂರುವುದಿಲ್ಲ. ಉಲ್ಟಾ ಮಾಡಿದರೆ ಎಲ್ಲರೂ ದೂರುತ್ತಾರೆ.

ರಿಸ್ಕ್-ಫೈವ್‌ಗೆ ಇನ್ನೊಂದು ಕೊರತೆಯೂ ಇತ್ತು. ಕೌಂಟರ್ ತುಂಬಿ ಹರಿದಾಗ ಇಂಟರಪ್ಟ್ ಕೊಡುವ ವಿಸ್ತರಣೆ 2021ರವರೆಗೆ ಅಧಿಕೃತವಾಗಿ ಅಂಗೀಕಾರವಾಗಿರಲಿಲ್ಲ. ಅದು ಇಲ್ಲದ ಚಿಪ್‌ಗಳಲ್ಲಿ ಎಷ್ಟು ಎಂಬ ಉತ್ತರ ಸಿಗುತ್ತದೆ, ಎಲ್ಲಿ ಎಂಬುದು ಕೌಂಟರ್‌ನಿಂದ ಸಿಗುವುದಿಲ್ಲ. ಕರ್ನಲ್ ಎಷ್ಟೇ ಚೆನ್ನಾಗಿದ್ದರೂ ಇಲ್ಲದ ತಂತಿಯಿಂದ ಸಂಕೇತ ಬರಿಸಲಾರದು.

ಬಾಡಿಗೆ ಯಂತ್ರಗಳಲ್ಲಿ

ವರ್ಚುವಲ್ ಮಷೀನ್‌ನಲ್ಲಿ ಎರಡು ಕರ್ನಲ್‌ಗಳು ಒಂದೇ ಕೌಂಟರ್‌ಗೆ ಕೈ ಹಾಕುತ್ತವೆ. ಲಿನಕ್ಸ್‌ನಲ್ಲಿ ವರ್ಚುವಲ್ ಮಷೀನ್‌ಗಳನ್ನು ನಡೆಸುವ ಕೆವಿಎಂನ ಸಾಂಪ್ರದಾಯಿಕ ವಿಧಾನದಲ್ಲಿ ಅತಿಥಿ ಕರ್ನಲ್ ಕೇಳುವ ಪ್ರತಿ ಕೌಂಟರ್‌ಗೂ ಆತಿಥೇಯ ಕರ್ನಲ್ ತನ್ನಲ್ಲೊಂದು ಪರ್ಫ್ ಘಟನೆ ಸೃಷ್ಟಿಸುತ್ತದೆ. ಆತಿಥೇಯನಿಗೇ ತುರ್ತಾಗಿ ಕೌಂಟರ್ ಬೇಕಾದರೆ ಅತಿಥಿಯದನ್ನು ಕಸಿದುಕೊಳ್ಳಬಹುದು, ಅತಿಥಿಗೆ ಅದರ ಅರಿವೇ ಆಗುವುದಿಲ್ಲ. ತಪ್ಪು ಸಂಖ್ಯೆಯನ್ನೇ ಸರಿ ಎಂದು ನಂಬುತ್ತದೆ. ಜೊತೆಗೆ ಪ್ರತಿ ರಿಜಿಸ್ಟರ್ ಬರವಣಿಗೆಯೂ ಆತಿಥೇಯನ ಕದ ತಟ್ಟುವುದರಿಂದ ಅಳತೆ ದುಬಾರಿ. ಅತಿಥಿ ನಡೆಯುವಷ್ಟು ಹೊತ್ತು ಕೌಂಟರ್‌ಗಳನ್ನು ಪೂರ್ತಿಯಾಗಿ ಅದರ ಕೈಗೇ ಒಪ್ಪಿಸುವ ಪರ್ಯಾಯಕ್ಕೆ ಕರ್ನಲ್ ಅಭಿವೃದ್ಧಿಕಾರರು ದುಡಿದಿದ್ದಾರೆ. ಅದರ ಬೆಲೆ, ಆ ಹೊತ್ತಿನಲ್ಲಿ ಆತಿಥೇಯನಿಗೆ ಒಳಗೇನಾಗುತ್ತಿದೆ ಎಂದು ಕಾಣದಿರುವುದು. ಸಾವಿರಾರು ಯಂತ್ರಗಳನ್ನು ಸದಾ ಅಳೆಯುತ್ತ ಕೂತಿರುವ ಕ್ಲೌಡ್ ಕಂಪನಿಗಳಿಗೆ ಇದು ಸಣ್ಣ ತ್ಯಾಗವಲ್ಲ. ಗ್ರಾಹಕರಿಗೆ ಕೌಂಟರ್ ಕೊಡದಿರುವುದು ಅವಕ್ಕೆ ಸುಲಭ.

ಮುಂದೇನಾಗಬಹುದು

ಬೀಗಗಳು ಸಡಿಲಾಗುವ ಲಕ್ಷಣವಿಲ್ಲ. ಪಾರ್ಶ್ವ ಸೋರಿಕೆಯ ಹೊಸ ದಾಳಿ ಬಂದಾಗಲೆಲ್ಲ ಇನ್ನೊಂದು ಎಣಿಕೆ ಮುಚ್ಚಿಕೊಳ್ಳುತ್ತದೆ. ಅದೇ ವೇಳೆ ಅಳತೆಯ ಮೇಲಿನ ಅವಲಂಬನೆ ಹೆಚ್ಚುತ್ತಿದೆ. 6.13 ಆವೃತ್ತಿಯಿಂದ ಲಿನಕ್ಸ್ ಕರ್ನಲ್ ಅನ್ನೇ, ನಿಜವಾದ ಯಂತ್ರಗಳಲ್ಲಿ ಪರ್ಫ್ ಸಂಗ್ರಹಿಸಿದ ಕವಲುಗಳ ದಾಖಲೆ ಆಧರಿಸಿ ಕ್ಲ್ಯಾಂಗ್ ಕಂಪೈಲರ್‌ನಿಂದ ಮರುಜೋಡಿಸಬಹುದು. ಅಂದರೆ ಅಳತೆ ಈಗ ದೋಷ ಹುಡುಕುವ ಕಾಲಕ್ಕಷ್ಟೇ ಬೇಕಾದ ಉಪಕರಣವಾಗಿ ಉಳಿದಿಲ್ಲ, ಕಂಪೈಲ್ ಮಾಡುವ ಸರಪಳಿಯ ಕೊಂಡಿಯಾಗಿದೆ. ಕೌಂಟರ್‌ಗಳು ಸಿಗುವ ದೊಡ್ಡ ಸಂಸ್ಥೆಗಳ ಸಾಫ್ಟ್‌ವೇರ್ ವೇಗವಾಗುತ್ತ ಹೋಗಿ, ಬಾಡಿಗೆ ಯಂತ್ರದಲ್ಲಿ ‘ಬೆಂಬಲವಿಲ್ಲ’ ಎಂಬ ಉತ್ತರ ಪಡೆಯುವ ಸಣ್ಣ ತಂಡಗಳು ಊಹೆಯ ಮೇಲೆ ತಿದ್ದುತ್ತಿರುವ ಅಂತರ ಹಿಗ್ಗುವ ಸಾಧ್ಯತೆ ಹೆಚ್ಚು.

ಹೊಸದೊಂದು ಕರ್ನಲ್‌ಗೆ ಈ ಬೆಂಬಲ ಸೇರಿಸಹೊರಟವರು ಸಾಮಾನ್ಯವಾಗಿ ಘಟನೆಗಳ ಪಟ್ಟಿಯಿಂದ ಆರಂಭಿಸುತ್ತಾರೆ, ಏಕೆಂದರೆ ಪರದೆಯ ಮೇಲೆ ಸಂಖ್ಯೆ ಮೂಡುವುದು ಬೇಗ ಖುಷಿ ಕೊಡುತ್ತದೆ. ಪಟ್ಟಿಯನ್ನು ಮುಂದಿನ ವರ್ಷವೂ ಬೆಳೆಸಬಹುದು. ಯಾರಿಗೆ ಓದುವ ಹಕ್ಕು, ಥ್ರೆಡ್ ಬದಲಾದಾಗ ಎಣಿಕೆ ಯಾರದು, ಕೌಂಟರ್ ಸಾಲದಾದಾಗ ಮೊದಲು ಬಿಟ್ಟುಕೊಡಬೇಕಾದವರು ಯಾರು ಎಂಬುದನ್ನು ಮಾತ್ರ ಮೊದಲ ಆವೃತ್ತಿಯಲ್ಲೇ ಬರೆದಿಡದಿದ್ದರೆ, ಮುಂದೆ ಅದನ್ನು ಸರಿಪಡಿಸುವ ಪ್ರತಿ ಪ್ಯಾಚ್ ಕೂಡ ಯಾರದೋ ನಡೆಯುತ್ತಿರುವ ಪ್ರೋಗ್ರಾಂ ಅನ್ನು ನಿಲ್ಲಿಸುತ್ತದೆ.